ನೀರು ತಾಕದ ತುಪ್ಪಳ

ನಾರ್‌ಶೋಪಿಂಗ್ ಪಟ್ಟಣದ ಪಶ್ಚಿಮಕ್ಕೆ, ಗ್ಲಾನ್ ಸರೋವರದ ದಂಡೆಯಲ್ಲಿ, ಗುನ್‌ವೋರ್ ಎಂಬ ನಿವೃತ್ತ ದಾದಿಯ ಒಂಟಿ ಮನೆಯಿತ್ತು. ಗಾಯಗೊಂಡ ಅಥವಾ ತಬ್ಬಲಿಯಾದ ಕಾಡುಪ್ರಾಣಿಗಳನ್ನು ಸಾಕಿ, ಮತ್ತೆ ಕಾಡಿಗೇ ಬಿಡುವುದಕ್ಕೆ ಸರ್ಕಾರದ ಪರವಾನಗಿ ಪಡೆದ ಮನೆ ಅದು. 2006ನೆಯ ಇಸವಿ ಅಕ್ಟೋಬರ್ 9ರ ಸೋಮವಾರ ಬೆಳಿಗ್ಗೆ ಲಾರಿ ಚಾಲಕನೊಬ್ಬ ಆ ಮನೆಯ ಅಡುಗೆಮೇಜಿನ ಮೇಲೆ ರಟ್ಟಿನ ಪೆಟ್ಟಿಗೆಯೊಂದನ್ನು ಇಟ್ಟುಹೋದ. ಒಳಗಿದ್ದುದು ನೀರುನಾಯಿಯ ಮರಿ. ಸೇತುವೆಯ ಮೇಲೆ ಯಾವುದೋ ವಾಹನಕ್ಕೆ ಸಿಕ್ಕಿ ತಾಯಿ ಸತ್ತಿತ್ತು. ಮರಿ ಆ ತಣ್ಣನೆಯ ಹೊಟ್ಟೆಗೆ ಮೂತಿಯೊತ್ತಿಕೊಂಡು ರಸ್ತೆಯಲ್ಲೇ ಕುಳಿತಿತ್ತಂತೆ.

ಪೆಟ್ಟಿಗೆಯ ಮುಚ್ಚಳ ತೆರೆದವಳು ಫೆಹ್ಮಿದಾ. ರಾಣೆಬೆನ್ನೂರಿನ ಪಿಂಜಾರ ಇಮಾಮ್‌ಸಾಬರ ಮಗಳು. ಹುಟ್ಟಿದ್ದು 1974ರ ಆಗಸ್ಟ್ 14ರಂದು. ಮನೆಯ ಮಾತು ಕನ್ನಡ, ಮನೆಯ ಕಸುಬು ಹತ್ತಿ ಹಿಂಜಿ ಗಾದಿ ತುಂಬುವುದು. ಗಂಡ ಹಾಶಿಮ್ ದೂರವಾಣಿ ಕಂಪನಿಯೊಂದರಲ್ಲಿ ಎಂಜಿನಿಯರ್. ಅವನ ಬೆನ್ನಿಗೆ 2002ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿಗೆ ಬಂದ ಆಕೆ, ಮರುವರ್ಷ ಮಾರ್ಚ್ 3ರಂದು ಜೈಬಾಳನ್ನು ಹೆತ್ತದ್ದು ನಾರ್‌ಶೋಪಿಂಗ್‌ನಲ್ಲಿಯೇ. ಬಾಣಂತನಕ್ಕೆ ತಾಯಿಗೆ ಬರಲಾಗಲಿಲ್ಲ. ತಾಯಿಯ ಬದಲಿಗೆ ಅಂಚೆಯಲ್ಲೊಂದು ಕಟ್ಟು ಬಂತು: ವರ್ಷಗಟ್ಟಲೆ ಉಟ್ಟು ಒಗೆದು ಬೆಣ್ಣೆಯಂತೆ ಮೆತ್ತಗಾಗಿದ್ದ ನೂಲಿನ ಸೀರೆಯ ನಾಲ್ಕು ತುಂಡುಗಳು. ಕೂಸಿಗೆ ಎಣ್ಣೆ ತಿಕ್ಕಿ ನೀರೆರೆದು ಇವುಗಳಲ್ಲೇ ಸುತ್ತಬೇಕೆಂದು ಫೋನಿನಲ್ಲಿ ಅಪ್ಪಣೆಯಾಗಿತ್ತು. ಫೆಹ್ಮಿದಾ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಮಗಳು ಮೂರು ದಾಟಿದ ಮೇಲೂ ಭಾನುವಾರದ ಎಣ್ಣೆನೀರು ಬಿಡಲಿಲ್ಲ.

ಗುನ್‌ವೋರ್ ಅವರ ಮನೆಗೆ ಆಕೆ ಮೊದಲು ಬಂದದ್ದು 2006ರ ಏಪ್ರಿಲ್ 18ರಂದು. ಸ್ವೀಡಿಷ್ ಭಾಷೆ ಕಲಿಸುವ ತರಗತಿ ಮುಗಿದ ಮೇಲೆ, ಕೆಲಸದ ಅಭ್ಯಾಸಕ್ಕೆಂದು ಕೊಮ್ಯೂನಿನವರು, ಅಂದರೆ ಅಲ್ಲಿಯ ಪೌರಾಡಳಿತದವರು, ಕಳುಹಿಸಿದ್ದರು. ಅಭ್ಯಾಸದ ಅವಧಿ ಜೂನಿನಲ್ಲೇ ಮುಗಿಯಿತು. ಫೆಹ್ಮಿದಾ ಬರುವುದನ್ನು ನಿಲ್ಲಿಸಲಿಲ್ಲ. ಪಟ್ಟಣದಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದುದು ಅವಳ ಗಂಡನ ಕೆಲಸವನ್ನು. ಇಲ್ಲಿ ಮಾತ್ರ, ಬಾಗಿಲು ತೆರೆದೊಡನೆ, "ಕೈ ತೊಳೆದೆಯಾ? ಬಾ, ಈ ಮುಳ್ಳಿಲಿಯನ್ನು ಹಿಡಿ" ಎನ್ನುತ್ತಿದ್ದರು ಗುನ್‌ವೋರ್. ಆ ದೇಶದಲ್ಲಿ ಅವಳ ಎರಡು ಕೈಗಳಿಗೆ ಕಾದುಕೊಂಡಿರುವ ಜಾಗ ಅದೊಂದೇ ಆಗಿತ್ತು.

ನೀರುನಾಯಿ ಮರಿಯ ವಿಷಯದಲ್ಲಿ ಗುನ್‌ವೋರ್ ಕಟ್ಟುನಿಟ್ಟಿನ ಮನುಷ್ಯರು. ಹೆಸರಿಡಕೂಡದು. ಮುದ್ದಿಸಕೂಡದು. ಅದರೆದುರು ಮಾತನಾಡಕೂಡದು. ಸುವಾಸನೆಯ ಸೋಪಿನಲ್ಲಿ ಒಗೆದ ಯಾವ ಬಟ್ಟೆಯೂ ಅದಕ್ಕೆ ತಾಗಕೂಡದು.

"ಕಡಲಿನ ಸೀಲ್ ಪ್ರಾಣಿಗೆ ಚರ್ಮದ ಕೆಳಗೆ ದಪ್ಪ ಕೊಬ್ಬಿರುತ್ತೆ. ಇದಕ್ಕೆ ಇಲ್ಲ," ಎಂದು ಅವರು ಮರಿಯ ಬೆನ್ನಿನ ಕೂದಲನ್ನು ಎರಡು ಬೆರಳುಗಳಿಂದ ಬಿಡಿಸಿ ತೋರಿಸಿದ್ದರು. ಮೇಲೆ ಒರಟಾದ ಉದ್ದ ಕೂದಲು. ಒಳಗೆ ಬೂದು ಬಣ್ಣದ ಒತ್ತಾದ ತುಪ್ಪಳ. "ಈ ಒಳತುಪ್ಪಳದಲ್ಲಿ ಗಾಳಿ ಕೂತಿರುತ್ತೆ. ಅದೇ ಇದರ ಕಂಬಳಿ. ಹೊರಗೆ ಎಷ್ಟು ಈಜಿದರೂ ಒಳಗೆ ಒಂದು ಹನಿ ಇಳಿಯಬಾರದು. ಇಳಿಯಿತೋ, ತನ್ನ ನೀರಿನಲ್ಲೇ ಚಳಿಗೆ ಸಾಯುತ್ತೆ."

ಮೊದಮೊದಲು ಎಲ್ಲವೂ ಸರಿಯಾಗಿಯೇ ನಡೆಯಿತು. ಬಾಟಲಿ ಹಾಲು ಕುಡಿಯುತ್ತಿದ್ದ ಮರಿ ಸಣ್ಣ ಮೀನು ತಿನ್ನಲು ಕಲಿಯಿತು. ಒಂದೇ ತೊಂದರೆ: ಗುನ್‌ವೋರ್ ಅವರ ದಪ್ಪ ಟವೆಲ್ಲಿನ ಕುಣಿಕೆಗಳಿಗೆ ಅದರ ಉಗುರು ಸಿಕ್ಕಿಕೊಳ್ಳುತ್ತಿತ್ತು, ಬಿಡಿಸುವಷ್ಟರಲ್ಲಿ ಕೂಗಿ ರಂಪ ಮಾಡುತ್ತಿತ್ತು. ಫೆಹ್ಮಿದಾ ಮರುದಿನವೇ ತವರಿನ ಸೀರೆತುಂಡುಗಳನ್ನು ತಂದಳು. ಬರಿಯ ಸಾದಾ ಪುಡಿಯಲ್ಲಿ ಒಗೆದವು, ಸುವಾಸನೆಯಿಲ್ಲದವು. ಗುನ್‌ವೋರ್ ಮೂಸಿ ನೋಡಿ, ಕೆನ್ನೆಗೊತ್ತಿಕೊಂಡು ನೋಡಿ, "ನಮ್ಮ ದೇಶದಲ್ಲಿ ಇಷ್ಟು ಮೆತ್ತನೆಯ ಬಟ್ಟೆ ನಾನು ಕಂಡಿಲ್ಲ" ಎಂದು ಒಪ್ಪಿದರು. ಅಂದಿನಿಂದ ಮರಿಯನ್ನು ಒರೆಸುವ ಕೆಲಸ ಫೆಹ್ಮಿದಾಳದು. ಮಗಳನ್ನು ಒರೆಸಿದ ಹಾಗೆಯೇ ಕತ್ತಿನಿಂದ ಬೆನ್ನಿಗೆ, ಬೆನ್ನಿನಿಂದ ಬಾಲಕ್ಕೆ, ಅಕ್ಕರೆಯಿಂದ ಒತ್ತಿ ಒರೆಸುವಳು. ಆ ಬಟ್ಟೆಯಲ್ಲಿ ಸುತ್ತಿದೊಡನೆ ಮರಿ ಕಣ್ಣು ಮುಚ್ಚುತ್ತಿತ್ತು.

ಅಕ್ಟೋಬರ್ ಮುಗಿಯುತ್ತ ಬಂದಂತೆ ತೊಟ್ಟಿಯಲ್ಲಿ ಈಜಿನ ಪಾಠ ಶುರುವಾಯಿತು. ಆಗ ಎಲ್ಲವೂ ಕೆಟ್ಟಿತು. ನೀರಿಗಿಳಿದ ಮರಿ ನೆನೆದ ಗೋಣಿಚೀಲದಂತೆ ಭಾರವಾಗಿ ಮೇಲೆ ಬರುತ್ತಿತ್ತು. ಮೈಗಂಟಿದ ಕೂದಲು ಜಡೆಜಡೆಯಾಗಿ ನಡುವೆ ಚರ್ಮ ಕಾಣುತ್ತಿತ್ತು. ಎಷ್ಟು ಹೊತ್ತು ಒಲೆಯ ಮುಂದೆ ಕೂರಿಸಿದರೂ ನಡುಕ ನಿಲ್ಲುತ್ತಿರಲಿಲ್ಲ. ಗುನ್‌ವೋರ್ ಮೀನು ಬದಲಿಸಿದರು, ತೊಟ್ಟಿ ಉಜ್ಜಿದರು, ಹಾಸಿದ್ದ ಹುಲ್ಲು ಎಸೆದು ಹೊಸದು ಹಾಸಿದರು. ಫೆಹ್ಮಿದಾ ತನ್ನ ಕಡೆಯಿಂದ ಮಾಡಬಹುದಾದುದನ್ನು ಮಾಡಿದಳು: ಇನ್ನೂ ಹೆಚ್ಚು ಒರೆಸಿದಳು.

ಅಕ್ಟೋಬರ್ 30ರಂದು ಪಶುವೈದ್ಯ ರೂನೆ ಬಂದರು. ಮರಿಯ ಎದೆಗೆ ಕೊಳವೆಯಿಟ್ಟು ಕೇಳಿದರು, ತುಪ್ಪಳ ಬಿಡಿಸಿ ನೋಡಿದರು.

"ಹುಟ್ಟಿನಿಂದಲೇ ಬಂದ ದೋಷ ಇರಬಹುದು, ಗುನ್‌ವೋರ್. ಎದೆಯಲ್ಲಿ ಆಗಲೇ ಗೊರಗೊರ ಅಂತಿದೆ."

"ಒಂದು ವಾರ ಕೊಡು."

"ಒಂದು ವಾರ ಅದು ನಡುಗುತ್ತಾ ಇರೋದನ್ನ ನೋಡ್ತಾ ಕೂರ್ತೀಯಾ? ನೀರಿಗೆ ಬಿಡೋಕಾಗಲ್ಲ, ಮನೆಯಲ್ಲಿ ಸಾಕೋಕೆ ಕಾನೂನು ಬಿಡಲ್ಲ." ಅವರು ಚೀಲದ ಬಾಯಿ ಕಟ್ಟಿದರು. "ಗುರುವಾರ ಬರ್ತೀನಿ. ಹೀಗೇ ಇದ್ದರೆ ಚುಚ್ಚುಮದ್ದು ಕೊಟ್ಟು ಮಲಗಿಸಿಬಿಡೋಣ. ನೋವಾಗಲ್ಲ."

ಗುರುವಾರವೆಂದರೆ ನವೆಂಬರ್ 2.

ನವೆಂಬರ್ 1ರ ಬುಧವಾರ ಬೆಳಗಾಗುವಷ್ಟರಲ್ಲಿ ಹಿಮಗಾಳಿ ಎದ್ದಿತ್ತು. ಕರ್ನಾಟಕವೆಂಬ ಏಕೀಕೃತ ರಾಜ್ಯಕ್ಕೆ ಸರಿಯಾಗಿ ಐವತ್ತು ತುಂಬಿದ ದಿನ ಅದು. ಶನಿವಾರದ ಕನ್ನಡಿಗರ ಕೂಟಕ್ಕೆ ಯಾರ ಮನೆಯಿಂದ ಬಾವುಟ, ಯಾರ ಮನೆಯಿಂದ ಚಿರೋಟಿ ಎಂದು ಹಾಶಿಮ್ ಫೋನಿನಲ್ಲಿ ಮಾತನಾಡುತ್ತಿದ್ದ. ಹಿಮವೆಂದು ಅವನೂ ಕೆಲಸಕ್ಕೆ ಹೋಗಿರಲಿಲ್ಲ, ಜೈಬಾಳನ್ನೂ ದಾಗಿಸಿಗೆ, ಅಂದರೆ ಶಿಶುವಿಹಾರಕ್ಕೆ, ಕಳಿಸಿರಲಿಲ್ಲ. ಮಗು ಕಿಟಕಿಗೆ ಮೂಗೊತ್ತಿ "ಮಮ್ಮಾ, ತಿತ್ತಾ! ತಿತ್ತಾ!" ಎಂದು ಹೊರಗಿನ ಬಿಳುಪನ್ನು ನೋಡೆಂದು ಕರೆಯುತ್ತಿತ್ತು.

ಫೆಹ್ಮಿದಾ ನೋಡಲಿಲ್ಲ. ಅವಳ ಮನಸ್ಸೆಲ್ಲ ಗುರುವಾರದ ಮೇಲಿತ್ತು. ಕೈ ಸುಮ್ಮನಿರದೆ, ಒಣಗಿದ್ದ ಸೀರೆತುಂಡೊಂದನ್ನು ಇನ್ನೊಮ್ಮೆ ಜಾಲಿಸೋಣವೆಂದು ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಹರಡಿ ನಲ್ಲಿ ತಿರುಗಿಸಿದಳು.

ನೀರು ಬಟ್ಟೆಯ ಮೇಲೆ ಬಿತ್ತು, ಇಂಗಲಿಲ್ಲ. ಕೆಸುವಿನೆಲೆಯ ಮೇಲಿನಂತೆ ಮಣಿಮಣಿಯಾಗಿ ಉರುಳಿ ಅಂಚಿನಿಂದ ಜಾರಿತು.

ಅವಳು ನಲ್ಲಿ ನಿಲ್ಲಿಸಿದಳು. ಬೆರಳಿನಿಂದ ಒತ್ತಿದಳು. ಮತ್ತೆ ನೀರು ಬಿಟ್ಟಳು. ಮತ್ತೆ ಮಣಿಗಳು. ಹತ್ತಿ ನೀರು ಕುಡಿಯದೆ ಇರುವುದು ಯಾವಾಗ ಎಂಬುದನ್ನು ಪಿಂಜಾರನ ಮಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಏನಾತು? ಯಾಕ ಹಂಗ ನಿಂತಿ?" ಹಾಶಿಮ್ ಫೋನ್ ಇಟ್ಟು ಬಂದ.

"ಈ ಅರಿವಿ ನೀರು ಕುಡಿಯವಲ್ದು ನೋಡ್ರಿ."

"ಒಗದೀಯಲ್ಲ?"

"ವಾರಾ ವಾರಾ ಒಗದೀನಿ. ಆ ಮಷೀನಿನ ನಲವತ್ತು ಡಿಗ್ರಿಗೆ ಹತ್ತಿಯೊಳಗಿನ ಹರಳೆಣ್ಣಿ ಹೊಂಟು ಹೋಗ್ತದೇನು? ಜೈಬಾನ ಮೂರೂವರಿ ವರ್ಷದ ಎಣ್ಣಿ ಇದರಾಗ ಕುಂತದ. ಎಣ್ಣಿ ಬಿದ್ದ ಹತ್ತಿ ನಮ್ಮಪ್ಪ ಅಂಗಡಿ ಹೊಸ್ತಿಲಾ ದಾಟಗೊಡತಿದ್ದಿಲ್ಲ. ಒಂದು ಹಿಡಿ ಬಿದ್ರ ಇಡೀ ಗಾದಿ ಕೆಡ್ತದ ಅಂತಿದ್ದ." ಅವಳು ಬಟ್ಟೆಯನ್ನು ಅವನ ಮುಂದೆ ಹಿಡಿದಳು. "ನಾನು ಅದನ್ನ ಆ ಮರಿಗೆ ದಿನಾ ಒತ್ತಿ ಒತ್ತಿ ಒರಸೀನಿ. ಎಣ್ಣಿ ಹತ್ತಿ ತುಪ್ಪಳ ಅಂಟಿಕೊಂಡ್ರ ಅದರಾಗ ಗಾಳಿ ಎಲ್ಲಿ ನಿಲ್ತದ?"

ಹಾಶಿಮ್ ಬಟ್ಟೆಯನ್ನು ಬೆರಳಿನಿಂದ ತಿಕ್ಕಿ ನೋಡಿದ. "ಹೋಗ್ಲಿ ಬಿಡು. ನಾಳೆಯಿಂದ ಇದನ್ನ ಒಯ್ಯಬ್ಯಾಡ. ಯಾರಿಗೆ ಗೊತ್ತಾಗ್ತದ?"

"ಮರಿಗೆ ಗೊತ್ತಾಗ್ತದಲ್ರೀ. ನಾಳೆ ಅದಕ್ಕ ಸೂಜಿ ಚುಚ್ಚಾಕ ಬರ್ತಾರ."

ಗುನ್‌ವೋರ್ ಅವರಿಗೆ ಫೋನ್ ಮಾಡಿದಳು. ಗಾಳಿಗೆ ತಂತಿ ಹರಿದಿತ್ತೋ ಏನೋ, ಗಂಟೆಯೇ ಹೋಗಲಿಲ್ಲ. ಬಸ್ಸುಗಳು ನಿಂತಿದ್ದವು. ಹೇಳಿದರೆ ಆ ಮನೆಯ ಬಾಗಿಲು ತನಗೆ ಮುಚ್ಚಬಹುದು, ಹೇಳದಿದ್ದರೆ ಮರಿ ಸಾಯುವುದು. ಫೆಹ್ಮಿದಾ ಕೋಟು ತೊಟ್ಟಳು. ಹಾಶಿಮ್ ನಿಟ್ಟುಸಿರು ಬಿಟ್ಟು ಕಾರಿನ ಕೀಲಿ ತೆಗೆದುಕೊಂಡ.

ಕೆಳಗಿನ ಮನೆಯ ಪಾವನಾ ಬೆಂಗಳೂರಿನವಳು. ಜೈಬಾಳನ್ನು ಎತ್ತಿಕೊಳ್ಳುತ್ತ ಕಣ್ಣರಳಿಸಿದಳು. "ಏನ್ರೀ ಫೆಹ್ಮಿದಾ, ಇಷ್ಟು ಸ್ನೋನಲ್ಲಿ ನಾಯಿ ನೋಡೋಕೆ ಹೋಗ್ತಿದ್ದೀರಾ?"

"ನೀರುನಾಯಿ ರೀ."

"ಯಾವ್ ನಾಯಿ ಆದ್ರೇನು, ಹಾಶಿಮ್ ಅವರೇ, ವಿಂಟರ್ ಟೈರ್ ಹಾಕ್ಸಿದ್ದೀರಾ?"

ಹಾಶಿಮ್ ಕಾರಿನ ಕಡೆಗೆ ನಡೆದ. ಹಾಕಿಸಿರಲಿಲ್ಲ. ಚಳಿಗಾಲದ ಚಕ್ರಗಳಿಗೆ ಡಿಸೆಂಬರ್ 1ರವರೆಗೆ ಗಡುವಿದೆಯೆಂದು ನಂಬಿ ಕುಳಿತಿದ್ದವರಲ್ಲಿ ಅವನೂ ಒಬ್ಬ. ಹಿಮಕ್ಕೆ ಆ ಗಡುವು ಗೊತ್ತಿರಲಿಲ್ಲ. ಊರು ದಾಟಿದ ಮೇಲೆ ರಸ್ತೆ ಯಾವುದು, ಹೊಲ ಯಾವುದು ಎಂದು ತಿಳಿಯದಂತಾಯಿತು. ಒಂದು ಇಳಿಜಾರಿನಲ್ಲಿ ಕಾರು ಬ್ರೇಕಿಗೆ ಜಗ್ಗದೆ ಪಕ್ಕಕ್ಕೆ ತಿರುಗಿ, ಎದುರಿನ ಲಾರಿಯ ದೀಪಗಳು ಕಣ್ಣ ಮುಂದೆಯೇ ಹಾದುಹೋದವು. ಕೊನೆಯ ತಿರುವಿನಲ್ಲಿ ಕಾರು ಚರಂಡಿಗಿಳಿದು ವಾಲಿ ನಿಂತಿತು. ಅಲ್ಲಿಂದಾಚೆ ಮೊಣಕಾಲುದ್ದದ ಹಿಮದಲ್ಲಿ ಇಬ್ಬರೂ ನಡೆದರು.

ಮನೆಯಲ್ಲಿ ವಿದ್ಯುತ್ತಿರಲಿಲ್ಲ. ಗುನ್‌ವೋರ್ ಸೌದೆ ಒಲೆಯ ಮುಂದೆ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅದು ಕಣ್ಣು ಅರೆತೆರೆದು ಮಲಗಿತ್ತು, ನಡುಗುತ್ತಲೂ ಇರಲಿಲ್ಲ. ನಡುಕ ನಿಲ್ಲುವುದು ಒಳ್ಳೆಯ ಲಕ್ಷಣವಲ್ಲವೆಂದು ಫೆಹ್ಮಿದಾ ಅಷ್ಟರಲ್ಲಾಗಲೇ ಕಲಿತಿದ್ದಳು.

ಅವಳು ಕೋಟನ್ನೂ ಕಳಚದೆ ನಿಂತಲ್ಲೇ ಹೇಳಿದಳು. ತನ್ನ ಅರೆಬರೆ ಸ್ವೀಡಿಷಿನಲ್ಲಿ, ಎಣ್ಣೆ, ಮಗಳು, ಬಟ್ಟೆ, ತಾನು ಎಂದು ಒಂದರ ಮೇಲೊಂದು ಪೇರಿಸಿ ಹೇಳಿದಳು. ಗುನ್‌ವೋರ್ ಅವರ ಮುಖ ಬಿಗಿಯಿತು. ಅವರು ಮರಿಯ ಬೆನ್ನಿನ ಕೂದಲನ್ನು ಬೆರಳುಗಳ ನಡುವೆ ತಿಕ್ಕಿ, ಆ ಬೆರಳುಗಳನ್ನು ಮೂಗಿನ ಬಳಿ ಹಿಡಿದರು. ಮತ್ತೆ ತಿಕ್ಕಿದರು.

"ಮೂಸಿದ್ದೆನಲ್ಲ ಆ ಬಟ್ಟೆಯನ್ನು," ಎಂದರು ತಮಗೇ. ಆಮೇಲೆ ತಲೆಯೆತ್ತಿ, "ನಿನ್ನನ್ನು ಬೈಯೋದಕ್ಕೆ ಈಗ ಪುರಸೊತ್ತಿಲ್ಲ. ಕರೆಂಟಿಲ್ಲ, ಪಂಪಿಲ್ಲ, ನಲ್ಲಿಯಲ್ಲಿ ನೀರಿಲ್ಲ. ನಿನ್ನ ಗಂಡನಿಗೆ ಬಕೆಟ್ ಕೊಡು. ಸರೋವರದಿಂದ ತರಲಿ."

ಹಾಶಿಮ್ ಓಡಿದ. ಏಡಿ ಬೇಯಿಸುವ ದೊಡ್ಡ ಪಾತ್ರೆಯನ್ನು ಒಲೆಗೇರಿಸಿದರು. ಹೊರಗೆ ದಂಡೆಯ ತೆಳುಮಂಜುಗಡ್ಡೆಯನ್ನು ಬಕೆಟ್ಟಿನ ತಳದಿಂದ ಒಡೆಯುವ ಸದ್ದು, ಒಳಗೆ ಸೌದೆ ಸಿಡಿಯುವ ಸದ್ದು. ತೊಳೆದರೆ ಎಣ್ಣೆ ಹೋಗುವುದು. ಆದರೆ ಮೊದಲೇ ತಣ್ಣಗಾದ ಜೀವವನ್ನು ಮತ್ತೆ ನೀರಿನಲ್ಲಿ ಮುಳುಗಿಸಬೇಕು. ನೀರು ಒಂದಿಷ್ಟು ತಣ್ಣಗಾದರೂ ಅದು ಅಲ್ಲೇ ಹೋಗಿಬಿಡಬಹುದು. ತೊಳೆಯದಿದ್ದರೆ ನಾಳೆ ಹೋಗುವುದು ಖಂಡಿತ. ಗುನ್‌ವೋರ್ ಮೊಣಕೈ ಅದ್ದಿ ಬಿಸಿ ನೋಡಿದರು. ಫೆಹ್ಮಿದಾ ಪಾತ್ರೆ ತೊಳೆಯುವ ಸೋಪಿನಲ್ಲಿ ಮೊದಲು ತನ್ನ ಕೈಗಳನ್ನು ಮೊಣಕೈವರೆಗೆ ಉಜ್ಜಿಕೊಂಡಳು, ಉರಿಯುವಷ್ಟು ಉಜ್ಜಿಕೊಂಡಳು.

ಮರಿಯನ್ನು ಇಳಿಸಿದರು. ಗುನ್‌ವೋರ್ ಹಿಡಿದರು, ಫೆಹ್ಮಿದಾ ಸೋಪು ಹಚ್ಚಿದಳು. ಕೂದಲಿನ ಬುಡಕ್ಕೆ ಬೆರಳಿಳಿಸಿ, ಹೊಟ್ಟೆ, ಕಂಕುಳು, ಬಾಲದ ಬುಡ, ಎಲ್ಲೆಲ್ಲಿ ತಾನು ಒತ್ತಿ ಒರೆಸಿದ್ದಳೋ ಅಲ್ಲೆಲ್ಲ. ನೀರು ಬೆಳ್ಳಗೆ ಕದಡಿತು. ಚೆಲ್ಲಿದರು. ಹೊಸ ನೀರು. ಮತ್ತೆ ಸೋಪು. ಮತ್ತೆ ನೀರು. ಮರಿ ಕೈಯಲ್ಲಿ ಸಡಿಲವಾಗಿ ತೂಗುತ್ತಿತ್ತು, ಚಿಂದಿಯಂತೆ.

"ಉಸಿರಾಡ್ತಿದೆಯಾ?"

"ನೋಡಬೇಡ. ತೊಳಿ."

ನೀರು ಸಾಲದಾಯಿತು. ಹಾಶಿಮ್ ಹಿಮಗಟ್ಟಿದ ಮೀಸೆಯೊಡನೆ ಬಾಗಿಲಲ್ಲಿ ಬಕೆಟ್ ಇಟ್ಟು ಮತ್ತೆ ಹೊರಟುಹೋಗುತ್ತಿದ್ದ. ಒಂದು ಬಾರಿ ಒಲೆಯ ಉರಿ ಸಣ್ಣದಾಗಿ ನೀರು ಕಾಯುವುದು ತಡವಾಯಿತು. ಅಷ್ಟು ಹೊತ್ತೂ ಗುನ್‌ವೋರ್ ನೊರೆ ಮೆತ್ತಿದ ಮರಿಯನ್ನು ತಮ್ಮ ಸ್ವೆಟರಿನೊಳಗೆ ಎದೆಗವಚಿಕೊಂಡು ನಿಂತರು. ಕಡೆಯ ನೀರಿನಲ್ಲಿ ಫೆಹ್ಮಿದಾ ಬೆರಳಾಡಿಸಿದಾಗ ತೊಳೆದ ಗಾಜಿನಂತೆ ತುಪ್ಪಳ ಕಿರ್ರೆಂದಿತು.

ಅದೇ ಕ್ಷಣಕ್ಕೆ ಮರಿ ತಲೆ ತಿರುಗಿಸಿ ಅವಳ ಹೆಬ್ಬೆರಳನ್ನು ಕಚ್ಚಿ ಹಿಡಿಯಿತು. ಹಲ್ಲು ಉಗುರಿನ ಬುಡಕ್ಕೆ ಇಳಿಯಿತು.

"ಕೈ ಎಳೆಯಬೇಡ! ಎಳೆದರೆ ಹರಿದುಹೋಗುತ್ತೆ."

"ಎಳೆಯುವುದಿಲ್ಲ," ಎಂದಳು ಫೆಹ್ಮಿದಾ ಹಲ್ಲುಕಚ್ಚಿ. ಕಣ್ಣಲ್ಲಿ ನೀರು ತುಂಬಿತ್ತು. "ಕಚ್ಚಲಿ. ಕಚ್ಚುವಷ್ಟು ಜೀವ ಇದೆಯಲ್ಲ."

ಗುರುವಾರ ಹಿಮ ಸರಿಸಿದ ರಸ್ತೆಯಲ್ಲಿ ರೂನೆ ಬಂದರು. ಒಲೆಯ ಬಳಿ ಒಣಹುಲ್ಲಿನಲ್ಲಿ ಹೊರಳುತ್ತಿದ್ದ ಮರಿಯನ್ನು ಪರೀಕ್ಷಿಸಿ, ನಡೆದುದನ್ನು ಕೇಳಿಸಿಕೊಂಡು, ಫೆಹ್ಮಿದಾಳ ಬ್ಯಾಂಡೇಜಿನತ್ತ ಒಮ್ಮೆ ನೋಡಿದರು. "ಹರಳೆಣ್ಣೆ! ಮೂವತ್ತು ವರ್ಷದಲ್ಲಿ ಹಡಗಿನ ಎಣ್ಣೆ ನೋಡಿದ್ದೆ, ಇದನ್ನ ನೋಡಿರಲಿಲ್ಲ." ನಗಲಿಲ್ಲ. "ಆದರೆ ಸಂತೋಷಪಡಬೇಡಿ. ಸೋಪು ನಿಮ್ಮ ಎಣ್ಣೆ ಜೊತೆ ಅದರ ಸ್ವಂತದ ಜಿಡ್ಡನ್ನೂ ತೆಗೆದಿದೆ. ಅದು ಮರಳಿ ಬರಬೇಕು, ಗಾಳಿ ಮತ್ತೆ ಒಳಗೆ ಕೂರಬೇಕು, ಎದೆ ಗುಣವಾಗಬೇಕು. ಹದಿಮೂರಕ್ಕೆ, ಸೋಮವಾರ, ತೊಟ್ಟಿಗೆ ಬಿಟ್ಟು ನೋಡೋಣ. ಅವತ್ತೂ ಒಳಗೆ ನೆನೆದರೆ, ಗುನ್‌ವೋರ್, ಇನ್ನು ವಾದ ಬೇಡ."

ಅವರು ಹೋದ ಮೇಲೆ ಗುನ್‌ವೋರ್ ಕಾಫಿ ಬಗ್ಗಿಸಿ ಬೈಗುಳ ಶುರುಮಾಡಿದರು. ಸ್ವೀಡಿಷರು ಬೈಯುವಾಗ ದನಿ ಏರಿಸುವುದಿಲ್ಲ. ಅದಕ್ಕೇ ಅದು ಹೆಚ್ಚು ನಾಟುತ್ತದೆ. ನಾನು ಕೇಳದೆ ಒಪ್ಪಿದ್ದು ನನ್ನ ತಪ್ಪು, ನೀನು ಹೇಳದೆ ತಂದದ್ದು ನಿನ್ನ ತಪ್ಪು ಎಂದರು. ಇನ್ನು ಮರಿಯನ್ನು ಒರೆಸುವುದಿಲ್ಲ, ಅದು ಹುಲ್ಲಿನಲ್ಲಿ ತಾನೇ ಒರೆಸಿಕೊಳ್ಳಲಿ ಎಂದರು.

"ಹಾಗಾದರೆ ನಾನು ಬರುವುದು ಬೇಡವೇ?" ಎಂದು ಫೆಹ್ಮಿದಾ ಕೇಳಿದಳು.

"ಹಾಗಂತ ನಾನು ಹೇಳಿದೆನಾ? ಹುಲ್ಲು ಯಾರು ಬದಲಿಸುತ್ತಾರೆ?"

ಆ ದಿನಗಳಲ್ಲಿ ಆಕೆ ತನ್ನ ತಲೆಗೂ ಎಣ್ಣೆ ಹಚ್ಚಲಿಲ್ಲ. ಹುಲ್ಲು ಬದಲಿಸಿ, ಮೀನಿಟ್ಟು, ದೂರ ಸರಿದು ನಿಲ್ಲುತ್ತಿದ್ದಳು. ನವೆಂಬರ್ 8ರಂದು ಮರಿ ಮೀನು ಮುಟ್ಟಲಿಲ್ಲ. ಕೆಮ್ಮಿತು, ಮೂಲೆಯಲ್ಲಿ ಮುದುಡಿತು. ಒಮ್ಮೆ ಎತ್ತಿ ಬೆಚ್ಚಗೆ ಹಿಡಿದರೆ ಸಾಕು ಎಂದು ಅವಳ ಕೈ ತುಡಿಯಿತು. ಎತ್ತಲಿಲ್ಲ. ಬಾಗಿಲ ಸಂದಿನಿಂದ ನೋಡುತ್ತ ಕುಳಿತಳು. ಮಧ್ಯಾಹ್ನ ಕಳೆದ ಮೇಲೆ ಅದು ಎದ್ದು, ಹುಲ್ಲಿಗೆ ಬೆನ್ನು ಕೊಟ್ಟು ಉಜ್ಜಿ, ಎದೆಯ ಕೂದಲನ್ನು ತಾನೇ ನೆಕ್ಕಿ ಕೆದರಿ ನೇರ್ಪುಮಾಡಿಕೊಳ್ಳತೊಡಗಿತು. ಮೀನನ್ನು ಮರುದಿನ ತಿಂದಿತು.

ಹದಿಮೂರನೆಯ ತಾರೀಖು ಮೋಡವಿಲ್ಲದೆ ಕೊರೆಯುವ ಚಳಿಯಾಗಿತ್ತು. ತೊಟ್ಟಿಗೆ ಸರೋವರದ ನೀರನ್ನೇ ತುಂಬಿದ್ದರು. ರೂನೆ ಚೀಲವನ್ನು ಮೇಜಿನ ಮೇಲಿಟ್ಟು ಬಾಯಿ ಬಿಚ್ಚಿದರು. ಅದರೊಳಗೆ ಏನಿದೆಯೆಂದು ಮೂವರಿಗೂ ಗೊತ್ತಿತ್ತು. ಮರಿ ತೊಟ್ಟಿಯ ಅಂಚಿನಲ್ಲಿ ನಿಂತು ನೀರನ್ನು ಮೂಸಿತು, ಹಿಂದೆ ಸರಿಯಿತು. ಮತ್ತೆ ಮೂಸಿತು. ಗುನ್‌ವೋರ್ ಒಂದು ಜೀವಂತ ಮೀನನ್ನು ಒಳಗೆ ಬಿಟ್ಟರು.

ಮರಿ ಸದ್ದಿಲ್ಲದೆ ಜಾರಿ ಮುಳುಗಿತು.

ಅದು ಕೆಳಗೆಲ್ಲೋ ಸುತ್ತುತ್ತಿತ್ತು. ಮೇಲೆ ಬರಲಿಲ್ಲ. ಫೆಹ್ಮಿದಾಳಿಗೆ ತೊಟ್ಟಿಯೊಳಗೆ ಕೈಹಾಕಿ ಎತ್ತಿಬಿಡಬೇಕೆನಿಸಿತು. ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿದುಕೊಂಡಳು. ಆಮೇಲೆ ಮೀನು ಕಚ್ಚಿಕೊಂಡ ಮೂತಿ ಮೇಲೆ ಬಂತು, ಮತ್ತೆ ಮುಳುಗಿತು, ಮತ್ತೆ ಬಂತು. ರೂನೆ ಸಾಕೆನ್ನುವವರೆಗೆ ಅದನ್ನು ಈಜಲು ಬಿಟ್ಟರು. ಹೊರಬಂದ ಮರಿ ಮೂಗಿನಿಂದ ಬಾಲದವರೆಗೆ ಒಮ್ಮೆ ಜೋರಾಗಿ ಒದರಿಕೊಂಡಿತು. ಮೂವರ ಮುಖಕ್ಕೂ ನೀರು ಸಿಡಿಯಿತು.

ಗುನ್‌ವೋರ್ ಚರ್ಮದ ಕೈಗವಸು ತೊಟ್ಟು ಅದನ್ನು ಒತ್ತಿಹಿಡಿದರು. ರೂನೆ ಬೆನ್ನಿನ ಕೂದಲು ಬಿಡಿಸಿ ಬಗ್ಗಿ ನೋಡಿದರು. ಫೆಹ್ಮಿದಾಳತ್ತ ತಿರುಗಿ, "ನೀನೇ ನೋಡು. ಬೇಗ," ಎಂದರು.

ಅವಳು ತೋರುಬೆರಳನ್ನು ಒಳತುಪ್ಪಳಕ್ಕೆ ಇಳಿಸಿದಳು. ಬುಡದವರೆಗೂ ಇಳಿಸಿದಳು. ಒಲೆಯ ಪಕ್ಕ ಇಟ್ಟ ಹತ್ತಿಯಂತೆ ಒಣಗಿ ಬೆಚ್ಚಗಿತ್ತು.

"ಒಣಗಿದೆ," ಎಂದಳು ಸ್ವೀಡಿಷಿನಲ್ಲಿ. ಆಮೇಲೆ ಕನ್ನಡದಲ್ಲಿಯೂ ಅದನ್ನೇ ಹೇಳಿದಳು, ಯಾರಿಗೆಂದು ಅವಳಿಗೂ ಗೊತ್ತಿರಲಿಲ್ಲ.

ರೂನೆ ಚೀಲದ ಬಾಯಿ ಕಟ್ಟಿದರು. ಗುನ್‌ವೋರ್ ಹಿಂಬಾಗಿಲನ್ನು ಮೊಣಕೈಯಿಂದ ತಳ್ಳಿ, ಕೊಳವಿರುವ ತಂತಿಬೇಲಿಯ ಆವರಣದೊಳಗೆ ಮರಿಯನ್ನು ಇಳಿಸಿದರು. ಇನ್ನು ಅದನ್ನು ಮನುಷ್ಯರ ಕೈ ಮುಟ್ಟುವಂತಿಲ್ಲ. ಮೀನನ್ನು ಕೊಳವೆಯಿಂದ ಜಾರಿಬಿಡಬೇಕು, ಮುಂದಿನ ಶರತ್ಕಾಲದಲ್ಲಿ ಬೇಲಿಯನ್ನೇ ತೆರೆಯಬೇಕು. ಅದು ಹಾಗೆಯೇ ನಡೆಯಿತು, 2007ರ ಸೆಪ್ಟೆಂಬರ್ 22ರ ಶನಿವಾರ. ಆದರೆ ಫೆಹ್ಮಿದಾ ಮರಿಯನ್ನು ಬಿಟ್ಟುಕೊಟ್ಟದ್ದು ಈ ಸೋಮವಾರವೇ. ಅಗಳಿ ಹಾಕುವ ಕೆಲಸ ಅವಳ ಪಾಲಿಗೆ ಬಂತು. ಹಾಕಿದಳು, ಭದ್ರವಾಯಿತೇ ಎಂದು ಒಮ್ಮೆ ಜಗ್ಗಿ ನೋಡಿದಳು. ಒಳಗೆ ಮರಿ ಆಗಲೇ ಕೊಳದ ಮಂಜುಗಡ್ಡೆಯ ಕೆಳಗಿತ್ತು. ತೆಳುಗಾಜಿನಂಥ ಆ ಹೊದಿಕೆಯಡಿ ಗುಳ್ಳೆಗಳ ಸಾಲೊಂದು ಆಚೆದಡದ ಕಡೆಗೆ ಓಡುತ್ತಿತ್ತು.